ಕೋರಿದವರು

ಮಹದೇವಪೇಟೆಯ ಕುಂಞಿರಾಮನ ಕ್ಷೌರದಂಗಡಿಯಲ್ಲಿ
ತಲೆಗೆ ಕಪ್ಪು ಹಚ್ಚಿಸಿಕೊಂಡು ಕೂತಿದ್ದೆ.
ಕೊರಳಿಗೆ ಬಿಳಿ ಬಟ್ಟೆ, ಇಪ್ಪತ್ತು ನಿಮಿಷ ಅಲ್ಲಾಡಬಾರದು.
ಕನ್ನಡಿಯ ಮೇಲಿನ ಟೀವಿಯಲ್ಲಿ ನಾನು ಬಂದೆ.

ನಾನಲ್ಲ. ನಾಪೋಕ್ಲಿನ ಹುಡುಗ, ಸಿನಾನ್ ಅಂತೆ ಹೆಸರು.
ಕಾಡಿಗೆಯಂಥ ವಿಗ್ಗು, ಹೊಟ್ಟೆ ದಾಟಿದ ಟೈ,
ಮೈಕಿಗೆ ತುಟಿ ತಾಗಿಸಿ
ಗಂಟಲಲ್ಲಿ ಜೇನಿನ ಡಬ್ಬಿ ಮಗುಚಿದ ಹಾಗೆ:
'ನಲ್ಮೆಯ ಕೇಳುಗರೇ…'
ಟೀವಿಯೊಳಗೆ ಡಬ್ಬಾ ನಗು.
ಅಂಗಡಿಯಲ್ಲಿ ಅಸಲಿ.

ಕಾರ್ಯಕ್ರಮದ ಹೆಸರು 'ಮುದಿ ಮೀಟರು'.
ಇಬ್ಬರು ಹಳೇ ಜಾಕಿಗಳು, ಒಂದು ಸ್ಟುಡಿಯೋ,
ಪ್ರಸಾರ ನಿಂತದ್ದು ಅವರಿಗೆ ಯಾರೂ ಹೇಳಿಲ್ಲ.
ಒಬ್ಬ ಪುತ್ತರಿಯ ದಿನ ಕೈಲ್‌ಪೊಳ್ದಿನ ಶುಭಾಶಯ ಹೇಳುತ್ತಾನೆ,
ಮೊಬೈಲಿಗೆ ಕಿಸೆ ಟೆಲಿಫೋನು ಅನ್ನುತ್ತಾನೆ,
ಇನ್ನೊಬ್ಬ ಎಲ್ಲಕ್ಕೂ 'ಹೌದಲ್ವಾ, ಹೌದಲ್ವಾ'.
ಆ ಇನ್ನೊಬ್ಬ ನಮ್ಮ ಹೆರಾಲ್ಡ್ ಲೋಬೊ,
ಇಪ್ಪತ್ತೆರಡು ವರ್ಷ ನನ್ನೆದುರು ಕೂತು
ಒಮ್ಮೆಯೂ ಅಲ್ಲವೆನ್ನದವನು.

ಹುಡುಗನಿಗೆ ಕೆಮ್ಮು ಸಿಕ್ಕಿದೆ.
ಮುಳ್ಳು ತಟ್ಟೆಗೆ ತಾಗುವ ಕರ್ ಸದ್ದು ಮುಚ್ಚಲು
ನಾನು ಕೆಮ್ಮುತ್ತಿದ್ದ ಕೆಮ್ಮು;
ಸೀಡಿ ಬಂದ ಮೇಲೂ ಹೋಗಲಿಲ್ಲ.
ನಗುವೂ ಸಿಕ್ಕಿದೆ: ತಾನೇ ಹೇಳಿ ತಾನೇ ನಗುವುದು,
ಟಾಪ್ ಗೇರಿನಲ್ಲಿ ಸಂಪಾಜೆ ಘಾಟಿ ಹತ್ತುವ ಜೀಪಿನಂತೆ
ಅಲ್ಲಲ್ಲಿ ನಿಂತು.

'ಈಗ ನಿಮ್ಮ ಪತ್ರಗಳು' ಎಂದ ಸಿನಾನ್.
ಮೇಜಿನಡಿಯಿಂದ ಖಾಲಿ ಕಾರ್ಡು ತೆಗೆದು ತಾನೇ ಗೀಚಿ,
ತಾನೇ ಅಂಚೆಯಣ್ಣನಾಗಿ ಬಾಯಲ್ಲೇ ಸೈಕಲ್ ಬೆಲ್ ಬಾರಿಸಿ,
ತಾನೇ ಬೆರಗಾಗಿ ಓದಿದ:
'ಸುಂಟಿಕೊಪ್ಪದಿಂದ ಚೋಂದಮ್ಮ, ಅವರ ನಾದಿನಿ,
ಪಾಲಿಬೆಟ್ಟದಿಂದ, ಅಲ್ಲಲ್ಲ, ಏಣಿಯ ಮೇಲಿಂದ, ಮುತ್ತ…'
ಕುಂಞಿರಾಮ ನಕ್ಕು ನಕ್ಕು
ನನ್ನ ಕಿವಿಗೂ ಬಳಿದ.

ನಾನು ಅಲ್ಲಾಡಲಿಲ್ಲ.

ಯಾಕೆಂದರೆ ಅದು ನಿಜ.
ಕೊನೆಯ ಆರು ವರ್ಷ ಕಾರ್ಡೇ ಬರುತ್ತಿರಲಿಲ್ಲ.
ಬಂದರೆ ಬೆಳೆಗಾರರ ಸಂಘದ ಆಮಂತ್ರಣ,
ಇಲ್ಲವೇ ಲೋಬೊನ ವಿಮೆಯ ನೋಟೀಸು.
ಭಾನುವಾರ ಮೂರಕ್ಕೆ ಅರ್ಧ ತಾಸಿನಷ್ಟು ಹೆಸರು ಬೇಕಲ್ಲ,
ಹುಟ್ಟಿಸಿದೆ.
ಚೋಂದಮ್ಮನಿಗೆ ಮೊಣಕಾಲು ನೋವು ಕೊಟ್ಟೆ,
ಸಾಲದೆಂದು ನಾದಿನಿಯನ್ನೂ ಕೊಟ್ಟೆ.
ಮೆಣಸು ಕುಯ್ಯುವ ಏಣಿಗೆ ಟ್ರಾನ್ಸಿಸ್ಟರ್ ಕಟ್ಟಿಕೊಂಡ ಮುತ್ತನನ್ನು
ಒಂದು ಜನವರಿಯಲ್ಲಿ ಬೀಳಿಸಿ
ಫೆಬ್ರವರಿಯಲ್ಲಿ ಎಬ್ಬಿಸಿದೆ.
ನಡುವೆ ನಾಲ್ಕು ಭಾನುವಾರ, ಬೇಗ ಗುಣವಾಗಲೆಂದು, ಹಾಡು.
ಹೌದಲ್ವಾ ಎಂದ ಲೋಬೊ.
ಅವನಿಗೂ ಗೊತ್ತಿರಲಿಲ್ಲ.

ಹಾಗಾದರೆ ಈ ಹುಡುಗನಿಗೆ ಯಾರು ಹೇಳಿದರು?
ಆಗ ಅವನು ಮೂರನೇ ಕ್ಲಾಸೋ ನಾಲ್ಕೋ.
ಅಂದರೆ ಕೇಳುತ್ತಿದ್ದ.
ನಾದಿನಿಯನ್ನೂ ಬಿಡದಷ್ಟು ಕೇಳುತ್ತಿದ್ದ,
ಕೇಳಿ, ಇದು ಸುಳ್ಳೆಂದು ಹಿಡಿದು,
ಮುಂದಿನ ಭಾನುವಾರವೂ ಬಂದು ಕೂತಿದ್ದ.

ತಲೆ ತೊಳೆದು ಒರೆಸುತ್ತ ಕುಂಞಿರಾಮ
ಕನ್ನಡಿಯಲ್ಲಿ ಕಣ್ಣು ಕಿರಿದು ಮಾಡಿದ:
'ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ ಸಾರ್.'
'ಹೌದಲ್ವಾ' ಅಂದೆ.

ರಾತ್ರಿ ವಿರಾಜಪೇಟೆಯಿಂದ ಲೋಬೊನ ಫೋನು.
ಎರಡು ಕಿವಿಯೂ ಹೋಗಿವೆ, ನಾನು ಮಾತಾಡಿ ಫಲವಿಲ್ಲ.
'ನಮ್ಮ ಬಗ್ಗೆ ಟೀವಿಯಲ್ಲಿ ಹಾಕಿದ್ರು ಮಾರಾಯಾ, ನೋಡಿದೆ!
ಎಷ್ಟು ಗೌರವ! ನಿನ್ನ ಕೂದಲು ಚೆನ್ನಾಗಿತ್ತು.'

ಬೆಳಿಗ್ಗೆ ಹೆಡ್ ಪೋಸ್ಟಾಫೀಸಿನಲ್ಲಿ ಒಂದು ಕಾರ್ಡು ಕೇಳಿದೆ.
ಕೌಂಟರಿನ ಹುಡುಗಿ ಕಪಾಟಿನ ತಳದಿಂದ ಎಳೆದು
ಧೂಳು ಊದಿ ಕೊಟ್ಟಳು, ಒಂದೇನಾ ಅಂದಳು.
ಎಡಗೈಯಲ್ಲಿ ಬರೆದೆ, ಹಳೇ ಅಭ್ಯಾಸ:

ಮುದಿ ಮೀಟರು ಬಳಗಕ್ಕೆ.
ಕಳೆದ ವಾರದ್ದನ್ನು ಇನ್ನೊಮ್ಮೆ ಹಾಕಿ,
ನಾದಿನಿ ಊರಲ್ಲಿರಲಿಲ್ಲ.
ಹುಡುಗನ ಕೆಮ್ಮು ಚೆನ್ನಾಗಿದೆ, ಅರ್ಧ ಕ್ಷಣ ಬೇಗ ಬರುತ್ತದೆ.
ಮೊಣಕಾಲು ಈಗ ವಾಸಿ.
ಇಂತಿ,
ಚೋಂದಮ್ಮ, ಸುಂಟಿಕೊಪ್ಪ.